ಅತ್ತೆಯ ಬಾವಿ ನೀರು, ನನ್ನ ಕಡಲ ಮೀನು

ಏಳು ಮೀನಿನಲ್ಲಿ ಐದು ಸತ್ತು ಎರಡು ಉಳಿದ ದಿನ ಗಂಡನ ಮುಂದೆ ನಿಂತು ಒಂದು ಮಾತು ಆಡಿಬಿಟ್ಟೆ. "ಈ ಎರಡರಲ್ಲಿ ಒಂದು ಸತ್ತರೂ ಟ್ಯಾಂಕ್ ಎತ್ತಿ ಆಚೆ ಇಡ್ತೀನಿ. ಮತ್ತೆ ಈ ಮನೆಗೆ ಮೀನು ಅನ್ನೋದು ಬರಲ್ಲ." ಸಿಟ್ಟಿನಲ್ಲಿ ಬಂದ ಮಾತು. ಆದರೆ ನಾನು ಆಡಿದ್ದನ್ನು ಮಾಡುವ ಹೆಂಗಸು. ಅದು ನನಗೂ ಗೊತ್ತು, ನನ್ನ ಗಂಡನಿಗೆ ಇನ್ನೂ ಚೆನ್ನಾಗಿ ಗೊತ್ತು. ಅವರು ಪೇಪರಿನಿಂದ ತಲೆ ಎತ್ತಿ, "ಅಂಗಾರೆ ಆ ಜಾಗಕ್ಕೆ ಒಂದು ದಿವಾನ್ ಮಂಚ ಆಕ್ಕಬೋದು ಬುಡು" ಅಂದರು. ಆ ಮಾತು ಕೇಳಿದ್ದೇ, ಈ ಎರಡು ಮೀನನ್ನು ಯಮ ಬಂದರೂ ಬಿಟ್ಟುಕೊಡಬಾರದು ಅಂತ ತೀರ್ಮಾನ ಮಾಡಿದೆ.

ಕೊಳ್ಳೇಗಾಲದ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವುದು ನನ್ನ ಕೆಲಸ. ಬೆಳಿಗ್ಗೆ ಹೂಗ್ಯಂ ಕಡೆಯಿಂದ ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿ ಬಂದವರು ಬೆಂಚಿನ ಮೇಲೆ ಕೂತು, "ಬೇಗ ಚುಚ್ಚಿ ಮೇಡಂ, ಒಂದ್ ಟೀ ಕುಡೀಬೇಕು" ಅಂತ ಗೋಗರೆಯುತ್ತಾರೆ. ನಾನು ಯಾರನ್ನೂ ಹೆದರಿಸುವುದಿಲ್ಲ, ಯಾರಿಗೂ ಸುಳ್ಳು ಸಮಾಧಾನವನ್ನೂ ಹೇಳುವುದಿಲ್ಲ. ಟ್ಯೂಬಿನಲ್ಲಿ ಏನು ಕಾಣುತ್ತದೋ ಅದನ್ನೇ ಬರೆದು ಕೊಡುತ್ತೇನೆ. ಹಾಗಂತ ಹೆಮ್ಮೆಯಿಂದ ಹೇಳಿಕೊಂಡು ಓಡಾಡುತ್ತಲೂ ಇದ್ದೆ. ನನ್ನ ಗಂಡನದು ಬಸ್ ಸ್ಟ್ಯಾಂಡಿನ ಹಿಂದೆ ಗೊಬ್ಬರದ ಅಂಗಡಿ. ಮಗಳ ಮದುವೆಯಾದ ಮೇಲೆ ಮನೆಯಲ್ಲಿ ನಾವಿಬ್ಬರೇ.

ಈ ಕಡಲ ಮೀನಿನ ಹುಚ್ಚು ಹಿಡಿದದ್ದು ಮೈಸೂರಿನಲ್ಲಿ. ಅತ್ತೆಯ ಕಣ್ಣಿನ ಪೊರೆ ತೆಗೆಸಲು ಕರೆದುಕೊಂಡು ಹೋಗಿದ್ದೆ. ಆಸ್ಪತ್ರೆಯ ಹಜಾರದಲ್ಲಿ ಗೋಡೆಯಷ್ಟು ಅಗಲದ ಗಾಜಿನ ಟ್ಯಾಂಕ್. ಒಳಗೆ ಕಿತ್ತಳೆ ಮೈಯ ಮೇಲೆ ಮೂರು ಬಿಳಿ ಪಟ್ಟೆಯ ಮೀನುಗಳು. ಅದರ ಮುಂದೆ ಮೂರು ಗಂಟೆ ಕೂತಿದ್ದೆ. ಹನೂರು ಕಡೆಯ ಒಣ ಬಯಲಿನಲ್ಲಿ ಹುಟ್ಟಿ, ಒಂದು ಕೊಡ ನೀರಿಗೆ ಬೋರ್‌ವೆಲ್ ಮುಂದೆ ಸಾಲು ನಿಂತು, ಜುಟ್ಟು ಹಿಡಿದು ಜಗಳವಾಡಿ ಬೆಳೆದವಳು ನಾನು. ಇಷ್ಟು ನೀರು, ಅದೂ ಬರೀ ನೋಡುವುದಕ್ಕೆ! ನನಗೂ ಇದು ಬೇಕು ಅನ್ನಿಸಿತು. ಸೀರೆ, ಸರ, ಊಟದ ತಟ್ಟೆ, ಯಾವುದನ್ನೂ ಜೀವನದಲ್ಲಿ ಅಷ್ಟು ಜೋರಾಗಿ ಬೇಕು ಅಂದುಕೊಂಡಿರಲಿಲ್ಲ.

ಟ್ಯಾಂಕ್ ಬಂದಾಗ ನಮ್ಮ ಬೀದಿ ನಕ್ಕಿದ್ದೇ ನಕ್ಕಿದ್ದು. ಮಾಂಸ ಮುಟ್ಟದ ಮನೆಗೆ ಮೀನು! ಪಕ್ಕದ ಮನೆಯಾಕೆ, "ಉಪ್ಪುನೀರಲ್ಲಿ ಆಕಿದ್ದೀರಂತೆ, ಉಪ್ಪಿನಕಾಯಿ ಯಾವಾಗ ಆಯ್ತದೆ?" ಅಂತ ಕೇಳಿದರು. ಅತ್ತೆ ಹಳ್ಳಿಯಿಂದ ನೋಡಲು ಬಂದರು. ಸೆರಗಿನಿಂದ ಕನ್ನಡಕ ಒರೆಸಿ, ಗಾಜಿಗೆ ಮೂಗು ಹತ್ತಿಸಿ, ತುಂಬಾ ಹೊತ್ತು ನೋಡಿ, "ಮೂರ್ ಪಟ್ಟೆ ವಿಭೂತಿ ಬಳ್ಕಂಡವೆ ಕಣವ್ವಾ. ಇವು ನಮ್ಮೋವೇ" ಅಂದರು. ಅವತ್ತಿನಿಂದ ಏಳರಲ್ಲಿ ಆ ಕಿತ್ತಳೆ ಜೋಡಿಗೆ ನಮ್ಮ ಮನೆಯಲ್ಲಿ ವಿಭೂತಿ ಮೀನು ಅಂತಲೇ ಹೆಸರಾಯಿತು. ಕೊನೆಗೆ ಉಳಿದವೂ ಅವೇ ಎರಡು.

ಮೊದಲ ಮೂರು ತಿಂಗಳು ನೀರು ಸ್ಫಟಿಕದ ಹಾಗಿತ್ತು. ನಾಲ್ಕನೆಯ ತಿಂಗಳು ಮರಳಿನ ಮೇಲೆ ಕಂದು ಧೂಳು ಕೂತಿತು. ಆಮೇಲೆ ಕಲ್ಲುಗಳ ಮೇಲೆ ಹಸಿರು ಕೂದಲು. ಅದನ್ನು ಕಿತ್ತರೆ ವಾರದೊಳಗೆ ಮತ್ತೆ ಗೇಣುದ್ದ. ಕೊನೆಗೆ ಬೀಟ್‌ರೂಟ್ ಬಣ್ಣದ ಲೋಳೆ ಮರಳನ್ನೆಲ್ಲ ಮುಚ್ಚಿತು. ಮೊದಲು ಬಸವನ ಹುಳುಗಳು ಹೋದವು, ಆಮೇಲೆ ನೀಲಿ ಮೀನುಗಳು ಒಂದೊಂದಾಗಿ. ಟ್ಯಾಂಕ್ ಮಾರಿದ ಮೈಸೂರಿನ ಅಂಗಡಿಯವರಿಗೆ ಫೋನು ಮಾಡಿ ಕೂಗಾಡಿದೆ. ಅವರು ಎಲ್ಲ ಕೇಳಿಸಿಕೊಂಡು, "ನೈಟ್ರೇಟ್ ಜಾಸ್ತಿ ಆಗಿದೆ ಮೇಡಂ" ಅಂದರು. ಮೀನಿನ ಹೇಲು, ತಿನ್ನದೆ ಬಿಟ್ಟ ಕಾಳು, ಸತ್ತ ಹುಳು, ಎಲ್ಲವೂ ಕೊಳೆತು ಕೊನೆಗೆ ನೈಟ್ರೇಟ್ ಆಗಿ ನೀರಿನಲ್ಲಿ ಉಳಿಯುತ್ತದಂತೆ. ತಾನಾಗಿ ಹೋಗುವುದಿಲ್ಲ. ನೀರು ಬದಲಾಯಿಸಿ ತೆಗೆಯಬೇಕು, ಇಲ್ಲವೇ ಪಾಚಿ ಅದನ್ನು ತಿಂದು ಕೊಬ್ಬುತ್ತದೆ.

ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿದರೆ ನನ್ನ ಗಂಡ ಗಹಗಹಿಸಿ ನಕ್ಕರು. "ನೈಟ್ರೇಟಾ? ಅದು ನಮ್ಮಂಗ್ಡಿ ಸರಕು ಕಣೇ! ನಿನ್ ಪಾಚಿಗೆ ಯೂರಿಯಾ ಬಿದ್ದದೆ ಅನ್ನು." ನಾನೂ ನಕ್ಕೆ. ಗೊಬ್ಬರ ಮಾರುವವರು ಒಬ್ಬರು, ಪರೀಕ್ಷೆ ಮಾಡುವವಳು ಒಬ್ಬಳು, ಇಬ್ಬರೂ ಎದುರುಬದುರು ಕೂತು ಅನ್ನ ಕಲಸುತ್ತಾ ನಕ್ಕೆವು. ಆ ನಗು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಟೆಸ್ಟ್ ಕಿಟ್ ತರಿಸಿದೆ. ಗಾಜಿನ ಟ್ಯೂಬಿಗೆ ಟ್ಯಾಂಕಿನ ನೀರು ಹಾಕಿ, ಒಂದು ಸೀಸೆಯಿಂದ ಹತ್ತು ಹನಿ, ಇನ್ನೊಂದು ಸೀಸೆಯನ್ನು ಚೆನ್ನಾಗಿ ಅಲ್ಲಾಡಿಸಿ ಹತ್ತು ಹನಿ ಹಾಕಿ, ಕುಲುಕಿ ಐದು ನಿಮಿಷ ಬಿಡಬೇಕು. ಹಳದಿ ಇದ್ದರೆ ಕ್ಷೇಮ, ಕಿತ್ತಳೆಯಾದರೆ ಹುಷಾರು, ಕೆಂಪಾದರೆ ಕೆಟ್ಟಿತು ಅಂತ. ನನಗಿದು ದಿನದ ಕೆಲಸ, ಕೈ ನಡುಗುವುದಿಲ್ಲ, ಹನಿ ಹೆಚ್ಚು ಕಮ್ಮಿ ಆಗುವುದಿಲ್ಲ. ಬಂದದ್ದು ರಕ್ತದಂಥ ಕೆಂಪು. ಸರಿ, ಯಾರು ಮಾಡಿದ್ದು ಇದನ್ನು ಅಂತ ಹುಡುಕಲು ಹೊರಟೆ.

ಮೊದಲು ಸಿಕ್ಕಿಬಿದ್ದದ್ದು ಗಂಡ. ಅವರ ಮನೆತನದ ಒಂದು ರೂಢಿ: ಕಣ್ಣೆದುರಿಗೆ ಹಸಿದ ಜೀವ ಇಟ್ಟುಕೊಂಡು ಉಣ್ಣಬಾರದು. ನಾಯಿಗೋ ಕಾಗೆಗೋ ಒಂದು ತುತ್ತು ಹಾಕಿಯೇ ಕೈ ಬಾಯಿಗೆ ಹೋಗಬೇಕು. ಮೀನುಗಳು ಊಟದ ಮೇಜಿನ ಎದುರಿಗೇ ಇದ್ದವಲ್ಲ, ಇವರು ತಿಂಡಿಗೊಂದು ಸಲ, ಊಟಕ್ಕೊಂದು ಸಲ, ಚುರುಮುರಿ ತಿನ್ನುವಾಗ ಇನ್ನೊಂದು ಸಲ ಚಿಟಿಕೆ ಚಿಟಿಕೆ ಕಾಳು ಉದುರಿಸುತ್ತಿದ್ದರು. ಕೈಯಾರೆ ಹಿಡಿದೆ. "ಬಾಯ್ ಬಾಯ್ ಬುಡ್ತವೆ ಕಣೇ, ನೋಡ್ಕಂಡು ಎಂಗ್ ಉಣ್ಲಿ?" ಅಂದರು. "ಮೀನಿನ ಬಾಯಿ ಇರೋದೇ ಹಂಗೆ, ಉಸಿರಾಡೋದ್ರೀ ಅದು!" ಅಂತ ಕೂಗಿ, ಕಾಳಿನ ಡಬ್ಬಿಯನ್ನು ಬೀರುವಿನಲ್ಲಿ ನನ್ನ ಚಿನ್ನದ ಸರದ ಪಕ್ಕದಲ್ಲಿಟ್ಟು ಬೀಗ ಹಾಕಿದೆ. ದಿನಕ್ಕೆ ಒಂದು ಸಲ, ನಾನೇ, ಎಣಿಸಿ ಹಾಕಿದೆ. ಅವರು ಮೀನಿಗೆ ಬೆನ್ನು ತಿರುಗಿಸಿ ಕೂತು ಉಣ್ಣಲು ಶುರುಮಾಡಿದರು. ತಿಂಗಳಾದ ಮೇಲೂ ಟ್ಯೂಬು ಕೆಂಪು.

ಆಮೇಲೆ ದೀಪದ ಸರದಿ. ದಿನಕ್ಕೆ ಹತ್ತು ಗಂಟೆ ಉರಿಯುತ್ತಿದ್ದುದನ್ನು ಆರಕ್ಕೆ ಇಳಿಸಿದೆ, ಕಿಟಕಿಗೆ ಹಳೆಯ ರೇಷ್ಮೆ ಪಂಚೆ ಕಟ್ಟಿ ಬಿಸಿಲು ತಡೆದೆ. ಕಲ್ಲುಗಳನ್ನು ಒಂದೊಂದಾಗಿ ಬಕೆಟ್ಟಿಗೆ ತೆಗೆದು ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆ. ಮೈಸೂರಿನಿಂದ ನೊರೆ ತೆಗೆಯುವ ಯಂತ್ರ ತರಿಸಿದೆ. ಗಾಳಿಯ ಗುಳ್ಳೆ ಎಬ್ಬಿಸಿ ಕೊಳೆಯನ್ನೆಲ್ಲ ನೊರೆ ಮಾಡಿ ಮೇಲಿನ ಬಟ್ಟಲಿಗೆ ದೂಡುತ್ತದೆ ಅದು. ಕಷಾಯದ ಬಣ್ಣದ ನೀರು ತುಂಬುತ್ತಿತ್ತು. ಅದರ ನಾತಕ್ಕೆ ಗಂಡ ಮೂಗು ಮುಚ್ಚಿಕೊಂಡು ಅಂಗಡಿಗೆ ಅರ್ಧ ಗಂಟೆ ಮೊದಲೇ ಹೊರಡುತ್ತಿದ್ದರು. ಇಷ್ಟೆಲ್ಲ ಮಾಡಿದರೂ ಪಾಚಿ ಮಾತ್ರ ತನ್ನ ಪಾಡಿಗೆ ತಾನು ಬೆಳೆಯಿತು. ಮಧ್ಯಾಹ್ನ ಊಟಕ್ಕೆ ಬಂದಾಗ ಟ್ಯಾಂಕಿನ ಮುಂದೆ ನಿಂತು ಅದಕ್ಕೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ.

ಉಳಿದದ್ದು ನೀರು ಬದಲಾಯಿಸುವುದು. ಅದನ್ನಂತೂ ಭಕ್ತಿಯಿಂದ ಮಾಡುತ್ತಿದ್ದೆ. ಮೊದಲು ಹದಿನೈದು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ. ಹಿಂದಿನ ದಿನವೇ ಡ್ರಮ್ಮಿನಲ್ಲಿ ಹೊಸ ನೀರಿಗೆ ಕಡಲ ಉಪ್ಪಿನ ಪುಡಿ ಕದಡಿ ಇಟ್ಟು, ಬೆಳಿಗ್ಗೆ ಹಳೆಯ ನೀರು ತೆಗೆದು ಹೊಸದು ತುಂಬುತ್ತಿದ್ದೆ. ಆ ಹೊಸ ನೀರು ಎಲ್ಲಿಯದು ಅಂತ ಈಗ ಹೇಳಬೇಕು.

ಕೊಳ್ಳೇಗಾಲದ ನಲ್ಲಿ ನೀರು ಔಷಧಿ ವಾಸನೆ, ಮೀನಿಗೆ ಆಗದು. ಬೋರ್ ನೀರು ಹಾಕಿದರೆ ಪಾತ್ರೆ ತಳದಲ್ಲಿ ಸುಣ್ಣ ಕೂರುತ್ತದೆ. ಆದರೆ ನಮಗೇನು ಕೊರತೆ? ಕುಂತೂರು ಕಡೆಯ ಹಳ್ಳಿಯಲ್ಲಿ, ಅತ್ತೆಯ ಮನೆಯ ಹಿಂದೆ, ಕಬ್ಬಿನ ಗದ್ದೆಯ ಅಂಚಿನಲ್ಲಿ ಕಲ್ಲು ಕಟ್ಟಿದ ಬಾವಿ ಇದೆ. ಯಾವ ಬೇಸಿಗೆಗೂ ಬತ್ತಿದ್ದಲ್ಲ. ಆ ನೀರಿನ ಟೀ ಕುಡಿದವರು ಇನ್ನೊಂದು ಲೋಟ ಕೇಳುತ್ತಾರೆ, ಬೇಳೆ ಎರಡು ಕುದಿಗೆ ಬೇಯುತ್ತದೆ. ಮದುವೆಯಾಗಿ ಬಂದ ಮಾರನೆಯ ದಿನ ನನ್ನಿಂದ ಗಂಗೆಪೂಜೆ ಮಾಡಿಸಿದ್ದು ಅಲ್ಲಿಯೇ. ಬಾವಿಯ ಕಲ್ಲಿಗೆ ವಿಭೂತಿ ಹಚ್ಚಿ, ಹೂವು ಇಟ್ಟು, ಮೊದಲ ಕೊಡ ಸೇದಿ ತಲೆಯ ಮೇಲೆ ಹೊತ್ತು ಒಳಗೆ ಬಂದಾಗ ನನಗೆ ಅಳು ಬಂದಿತ್ತು. ತವರು ಬಿಟ್ಟದ್ದಕ್ಕೆ ಅಂತ ಎಲ್ಲರೂ ಅಂದುಕೊಂಡರು. ನಾನು ಅತ್ತದ್ದು ಜಗಳವಿಲ್ಲದೆ ಒಂದು ಕೊಡ ನೀರು ಸಿಕ್ಕಿತಲ್ಲ ಅಂತ.

ಅತ್ತೆ ಎಂದೂ ಬಾಯಿಬಿಟ್ಟು ಒಂದು ಪ್ರೀತಿಯ ಮಾತು ಆಡಿದವರಲ್ಲ. ನೀರು ಕಳಿಸುತ್ತಿದ್ದರು. ಬೇಸಾಯ ನೋಡಿಕೊಳ್ಳುವ ನನ್ನ ಮೈದುನ ವಾರಕ್ಕೊಮ್ಮೆ ಗೂಡ್ಸ್ ಆಟೋದಲ್ಲಿ ಪೇಟೆಗೆ ಬಂದಾಗ ನಮಗೆ ಕುಡಿಯಲು ಎರಡು ಕ್ಯಾನ್ ತಪ್ಪದೆ ಬರುತ್ತಿತ್ತು. ಮೀನು ಬಂದ ಮೇಲೆ ಎರಡು ಇದ್ದದ್ದು ಆರಾಯಿತು. "ಇಂತಾ ಸಿಹಿನೀರ್ಗೆ ಉಪ್ಪ ಕದಡ್ತೀಯಲ್ಲವ್ವಾ, ನಿಂಗೇನ್ ಬಂದದೆ" ಅಂತ ಬೈಯುತ್ತಲೇ ಕಳಿಸಿದರು. ಮೀನು ಸತ್ತ ಸುದ್ದಿ ಹೋದಾಗಲೆಲ್ಲ ಒಂದು ಕ್ಯಾನ್ ಹೆಚ್ಚು ಬರುತ್ತಿತ್ತು. ಸಾವಿನ ಮನೆಗೆ ಅಕ್ಕಿ ಬೇಳೆ ಕಳಿಸಿದ ಹಾಗೆ.

ಮೈಸೂರಿನ ಅಂಗಡಿಯವರು ಒಮ್ಮೆ ಕೇಳಿದ್ದರು. "ಯಾವ ನೀರು ಹಾಕ್ತೀರಾ ಮೇಡಂ? ಒಂದ್ಸಲ ಅದನ್ನೇ ಟೆಸ್ಟ್ ಮಾಡಿ ನೋಡಿ." ನನಗೆ ಉರಿದುಹೋಯಿತು. "ನಮ್ಮತ್ತೆ ಮನೆ ಬಾವಿ ನೀರು ಸಾರ್. ನಿಮ್ಮ ಮೈಸೂರಿನವರು ಕನಸಿನಲ್ಲೂ ಕುಡಿದಿರಲ್ಲ ಅಂಥ ನೀರು" ಅಂತ ಫೋನು ಕುಕ್ಕಿದೆ. ಅಷ್ಟೇ ಅಲ್ಲ, ಲ್ಯಾಬಿನಲ್ಲಿದ್ದ ಲವಣಾಂಶ ನೋಡುವ ಪುಟ್ಟ ಮೀಟರನ್ನು ಆ ನೀರಿಗೆ ಅದ್ದಿ, ಊರ ಬೋರ್ ನೀರಿನ ಅರ್ಧದಷ್ಟೂ ಬಾರದ್ದನ್ನು ಕಂಡು ಬೀಗಿದ್ದೆ. ಆ ಮೀಟರು ಇರುವ ಉಪ್ಪೆಷ್ಟು ಅನ್ನುತ್ತದೆಯೇ ಹೊರತು ಯಾವ ಉಪ್ಪು ಅನ್ನುವುದಿಲ್ಲ. ಲ್ಯಾಬಿನ ಹೆಂಗಸಿಗೆ ಇದು ಗೊತ್ತಿರಬೇಡವೇ? ಗೊತ್ತಿತ್ತು. ಗೊತ್ತಿದ್ದೂ ಆ ನೈಟ್ರೇಟ್ ಸೀಸೆಯ ಹನಿಯನ್ನು ಬಾವಿ ನೀರಿಗೆ ಹಾಕಲಿಲ್ಲ. ಗಂಗಮ್ಮನನ್ನು ಯಾರಾದರೂ ಪರೀಕ್ಷೆ ಮಾಡುತ್ತಾರೆಯೇ?

ಟ್ಯಾಂಕ್ ಎತ್ತಿ ಆಚೆ ಇಡ್ತೀನಿ ಅಂತ ನಾನು ಆಡಿದ ಎರಡು ತಿಂಗಳಿಗೆ ಚಿಕ್ಕ ವಿಭೂತಿ ಮೀನು ಕಾಳು ತಿನ್ನುವುದನ್ನು ಬಿಟ್ಟಿತು. ಮೂಲೆಯಲ್ಲಿ ನಿಂತು ಬೇಗ ಬೇಗ ಉಸಿರಾಡುವುದು, ಅಷ್ಟೇ. ದೊಡ್ಡದು ಅದರ ಸುತ್ತ ಸುತ್ತುವುದು. ಲ್ಯಾಬಿನಲ್ಲಿ ಕೂತರೂ ಕಣ್ಣಿಗೆ ಅದೇ. ಇನ್ನು ಹೆಚ್ಚು ನೀರು ಬದಲಾಯಿಸೋಣ ಅಂದರೆ ಕ್ಯಾನ್ ಬರಲಿಲ್ಲ. ಫ್ಯಾಕ್ಟರಿಯಿಂದ ಕಬ್ಬು ಕಡಿಯಲು ಆರ್ಡರ್ ಬಂದು ಮೈದುನನಿಗೆ ಕಡಿಯುವ ಆಳುಗಳ ಹಿಂದೆ ಓಡುವುದೇ ಆಯಿತು. ಮೂರು ವಾರ ಪೇಟೆಯ ಕಡೆ ತಲೆ ಹಾಕಲಿಲ್ಲ. ನಾನು ಹಲ್ಲು ಕಚ್ಚಿಕೊಂಡು, ಆವಿಯಾದಷ್ಟಕ್ಕೆ ಮಾತ್ರ ನಮ್ಮ ಬೀದಿಯ ಕೊನೆಯ ಶುದ್ಧ ನೀರಿನ ಘಟಕದಿಂದ ಸಪ್ಪೆ ನೀರು ತಂದು ತುಂಬಿದೆ. ಬೇರೆ ದಾರಿ ಇರಲಿಲ್ಲ.

ಮೂರನೆಯ ವಾರ ಟ್ಯೂಬು ಹಿಡಿದು ನೋಡಿದರೆ ಕೆಂಪು ಸ್ವಲ್ಪ ತಿಳಿಯಾಗಿದೆ. ಕಣ್ಣಿನ ಭ್ರಮೆ ಅಂತ ಮತ್ತೆ ಮಾಡಿದೆ. ಹೌದು, ತಿಳಿಯಾಗಿದೆ. ನೀರೇ ಬದಲಾಯಿಸದೆ ಇದ್ದರೂ! ಪಾಚಿ ತಿಂದು ಇಳಿಸಿದ್ದಿರಬೇಕು, ಆದರೆ ಇಷ್ಟು ದಿನ ಯಾಕೆ ಇಳಿಯಲಿಲ್ಲ? ಔಷಧಿ ನಿಲ್ಲಿಸಿದಾಗ ರೋಗಿ ಚೇತರಿಸಿಕೊಂಡರೆ ಔಷಧಿಯನ್ನೇ ಅನುಮಾನಿಸಬೇಕು ಅಂತ ನಮ್ಮ ಡಾಕ್ಟರು ಹೇಳುತ್ತಿರುತ್ತಾರೆ. ಅಡುಗೆಮನೆಯಲ್ಲಿ ಹಳೆಯ ಕ್ಯಾನಿನ ತಳದಲ್ಲಿ ಎರಡು ಲೋಟ ಬಾವಿ ನೀರು ಉಳಿದಿತ್ತು. ಟ್ಯೂಬನ್ನು ಮೂರು ಸಲ ತೊಳೆದೆ. ಹತ್ತು ಹನಿ, ಹತ್ತು ಹನಿ. ಐದು ನಿಮಿಷ ಬೇಕಾಗಲಿಲ್ಲ, ಎರಡು ನಿಮಿಷಕ್ಕೇ ಕೆಂಪು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು ನನ್ನ ಕಥೆ. ಒಂದು ವರ್ಷ ನಾನು ಔಷಧಿ ಅಂದುಕೊಂಡು ವಿಷವನ್ನೇ ಬಕೆಟ್ಟಿನಲ್ಲಿ ಸುರಿದಿದ್ದೆ. ಸಂಜೆಯಾಗುವವರೆಗೆ ಕಾಯದೆ ಅಂಗಡಿಗೆ ಹೋಗಿ ಗಂಡನಿಗೆ ಹೇಳಿದೆ. ಅವರು ಈ ಸಲ ನಗಲಿಲ್ಲ. ಬೆನ್ನ ಹಿಂದೆ ಸೂರು ಮುಟ್ಟುವ ಹಾಗೆ ಒಟ್ಟಿದ್ದ ಯೂರಿಯಾ ಮೂಟೆಗಳ ಕಡೆ ತಿರುಗಿ ನೋಡಿದರು. ಆ ಬಾವಿಯ ಸುತ್ತಿನ ಗದ್ದೆಗೆ ವರ್ಷ ವರ್ಷ ಎಷ್ಟು ಮೂಟೆ ಹೋಗುತ್ತದೆ ಅನ್ನುವುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪೈರು ತಿಂದು ಮಿಕ್ಕಿದ್ದು ನೀರಿನ ಜೊತೆ ಕೆಳಗಿಳಿದಿದೆ.

"ನಿನ್ ಮೀನು ಉಳ್ಕಂಡ್ವಲ್ಲ, ಸುಮ್ಕಿರು" ಅಂದರು. "ಅವ್ವಂಗೆ ಯೋಳ್ಬ್ಯಾಡ ಕಣೇ. ಆ ಬಾವಿ ಅಂದ್ರೆ ಅದರ ಪ್ರಾಣ. ಅಲ್ಲೇ ಕುಡ್ಕಂಡು ನಾವೆಲ್ಲ ಗುಂಡುಕಲ್ಲಂಗೆ ಬೆಳೆದಿಲ್ವಾ?" ಅವರು ಬೆಳೆದ ಕಾಲಕ್ಕೆ ಇಷ್ಟು ಯೂರಿಯಾ ಎಲ್ಲಿತ್ತು ಅಂತ ಕೇಳಬಹುದಿತ್ತು. ಕೇಳಲಿಲ್ಲ. ದೊಡ್ಡವರಿಗೆ ಈ ನೀರಿನಿಂದ ಅಷ್ಟೇನೂ ಆಗುವುದಿಲ್ಲ ಅಂತ ಓದಿಯೂ ಇದ್ದೆ. ಹೂಂ ಅಂದೆ. ಬೀದಿಗೆಲ್ಲ ಬಾಯಿ ಮಾಡುವ ನಾನು ಅವತ್ತು ಹೂಂ ಅಂದೆ. ಮತ್ತೆ ಕ್ಯಾನುಗಳು ಬರಲು ಶುರುವಾದಾಗ ಮೈದುನನ ಕೈಯಿಂದ ನಗುನಗುತ್ತಾ ಇಸಿದುಕೊಂಡು, ಅವನು ಹೋದ ಮೇಲೆ ದಾಸವಾಳದ ಗಿಡಗಳಿಗೆ ಸುರಿದೆ. ಗಿಡ ಏನು ಬೆಳೆದವು ಅಂತೀರಿ!

ಟ್ಯಾಂಕಿಗೆ ಘಟಕದ ನೀರನ್ನೇ ತಂದೆ. ಅದನ್ನೂ ಪ್ರತಿ ಸಲ ಪರೀಕ್ಷೆ ಮಾಡಿಯೇ ಉಪ್ಪು ಕದಡಿದೆ, ಇನ್ನು ಯಾವ ನೀರನ್ನೂ ನಂಬುವ ಹಾಗಿರಲಿಲ್ಲ. ವಾರಕ್ಕೆ ಎರಡು ಸಲ ಬದಲಾವಣೆ. ಮೊದಲ ವಾರ ಕಿತ್ತಳೆ, ಎರಡನೆಯ ವಾರ ತಿಳಿ ಕಿತ್ತಳೆ, ತಿಂಗಳು ತುಂಬುವಷ್ಟರಲ್ಲಿ ಹಳದಿ. ಹಸಿರು ಕೂದಲು ಬಿಳಿಚಿ ಉದುರಿತು, ಲೋಳೆ ಹರಿದು ಹೋಯಿತು. ಒಂದು ಬೆಳಿಗ್ಗೆ ಚಿಕ್ಕ ವಿಭೂತಿ ಮೀನು ಮೂಲೆ ಬಿಟ್ಟು ಮೇಲಕ್ಕೆ ಬಂದು ನನ್ನ ಕೈಯ ಕೆಳಗೇ ಕಾಳು ಕಚ್ಚಿಕೊಂಡು ಹೋಯಿತು. "ರೀ, ತಿಂತು ರೀ!" ಅಂತ ಕೂಗಿದ ಕೂಗಿಗೆ ಗಂಡ ಸ್ನಾನದ ಮನೆಯಿಂದ ಸೋಪಿನ ನೊರೆಯಲ್ಲೇ ಬಂದರು. ಗೆದ್ದೆ ಅಂದುಕೊಂಡೆ. ಆ ವಾರವೆಲ್ಲ ಲ್ಯಾಬಿನಲ್ಲಿ ಯಾರ ಮೇಲೂ ರೇಗಲಿಲ್ಲ.

ಅದಾದ ಮೇಲಿನ ಭಾನುವಾರ, ಹಿಂದಿನ ವಾರ ಬಾರದಿದ್ದ ಮೈದುನ ಕ್ಯಾನ್ ಇಳಿಸುತ್ತಾ, "ಅತ್ಗೆ, ಮನೇಲಿ ಈಗ ನಿದ್ದೇನೇ ಇಲ್ಲ. ಮಗಳು ಬಂದವ್ಳೆ" ಅಂತ ಹಲ್ಲು ಕಿರಿದ. ಅವನ ಹೆಂಡತಿ, ನನ್ನ ವಾರಗಿತ್ತಿ, ಬಾಣಂತನಕ್ಕೆ ಯಳಂದೂರಿನ ತವರಿಗೆ ಹೋಗಿದ್ದಳು. ಮೂರು ತಿಂಗಳು ತುಂಬಿ ಕೂಸನ್ನು ಕರೆದುಕೊಂಡು ಬಂದಿದ್ದಾಳೆ. "ಅವಳ್ಗೆ ಹಾಲು ಸಾಲಲ್ಲ ಅತ್ಗೆ. ಡಬ್ಬದ ಹಾಲೇ. ಅವ್ವ ಯಾರ್ನೂ ಮುಟ್ಟಕೆ ಬುಡಲ್ಲ, ತಾನೇ ಬಾವಿ ನೀರ್ನ ಚೆನ್ನಾಗ್ ಕುದ್ಸಿ ಕುದ್ಸಿ ಕಲಸಿ ಕುಡಿಸ್ತದೆ."

ಮೀನಿಗೋಸ್ಕರ ನೈಟ್ರೇಟಿನ ಬಗ್ಗೆ ಓದಿದ ಕಡೆಯೆಲ್ಲ ಒಂದು ಮಾತು ಇರುತ್ತಿತ್ತು: ಆರು ತಿಂಗಳೊಳಗಿನ ಮಕ್ಕಳಿಗೆ ಇಂಥ ನೀರಿನಲ್ಲಿ ಹಾಲು ಕಲಸಬಾರದು, ರಕ್ತ ಉಸಿರನ್ನು ಹೊರುವುದಿಲ್ಲ, ಮಗು ನೀಲಿಗಟ್ಟುತ್ತದೆ. ನಮ್ಮ ಮನೆಯಲ್ಲಿ ಮಗು ಎಲ್ಲಿದೆ, ಇರುವ ಒಂದೂ ಯಳಂದೂರಿನಲ್ಲಿದೆ ಅಂತ ಪ್ರತಿ ಸಲ ಆ ಮಾತು ದಾಟಿ ಮೀನಿನ ವಿಷಯಕ್ಕೆ ಹೋಗುತ್ತಿದ್ದೆ. ಕುದಿಸಿದರೆ ನೈಟ್ರೇಟ್ ಸಾಯುವುದಿಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತದೆ. ಕಿಟ್ಟನ್ನು ಬ್ಯಾಗಿಗೆ ಹಾಕಿ, ಘಟಕದ ನೀರಿನ ಕ್ಯಾನನ್ನು ಆಟೋಗೆ ಎತ್ತಿಸಿದೆ. "ನಡಿ, ನಾನೂ ಬರ್ತೀನಿ" ಅಂದೆ. ಒಳಗಿನಿಂದ ಗಂಡ ಬಂದು ಬ್ಯಾಗು ನೋಡಿ, "ಬ್ಯಾಡ ಕಣೇ" ಅಂದರು. ತಿರುಗಿ ನೋಡದೆ ಹತ್ತಿ ಕೂತೆ. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡಾಗ ಹಾರನ್ ಹೊಡಿ ಹೊಡಿ ಅಂತ ಮೈದುನನ ಪ್ರಾಣ ತಿಂದೆ.

ಅತ್ತೆ ಅಡುಗೆಮನೆಯಲ್ಲಿ ಕೂತು ಬಾಟಲಿಗೆ ಹಾಲು ಕಲಸುತ್ತಿದ್ದರು. ನಾನು ಮೊದಲು ವಾರಗಿತ್ತಿಯ ತೊಡೆಯಿಂದ ಕೂಸನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ತಂದು ತುಟಿ ನೋಡಿದೆ, ಉಗುರು ಒಂದೊಂದಾಗಿ ಬಿಡಿಸಿ ನೋಡಿದೆ. ಕೆಂಪಗಿದ್ದವು. ಕೂಸು ಕಾಲು ಝಾಡಿಸಿ ನನ್ನ ಮೂಗಿಗೆ ಒದ್ದಿತು. ಆಮೇಲೆ ಕೂತು, "ಅತ್ತೆ, ಆ ಹಾಲು ಕೊಡಬೇಡಿ. ಬಾವಿ ನೀರು ಕೆಟ್ಟಿದೆ" ಅಂದೆ.

"ಏನಂದೆ?" ಅಂದರು. ಧ್ವನಿ ಏರಲಿಲ್ಲ. "ಗಂಗಮ್ಮ ಕೆಡ್ತಾಳಾ? ನೀನು ಪರೀಕ್ಸೆ ಮಾಡಕ್ ಬಂದ್ಯಾ ಅವಳ್ನ?"

ನೆಲದ ಮೇಲೆ ಎರಡು ಟ್ಯೂಬು ಇಟ್ಟೆ. ಒಂದಕ್ಕೆ ಕ್ಯಾನಿನ ನೀರು, ಒಂದಕ್ಕೆ ಅವರ ಹಂಡೆಯ ನೀರು. ಹನಿ ಹಾಕಿ ಕುಲುಕಿದೆ. ಒಂದು ಹಳದಿ ಉಳಿಯಿತು, ಒಂದು ಕೆಂಪಾಯಿತು. "ಅಂಡೇಲಿ ಏನಾರ ಬಿದ್ದಿರ್ಬೋದು" ಅಂತ ಅತ್ತೆ ಎದ್ದು, ತಾವೇ ಬಾವಿಗೆ ಬಿಂದಿಗೆ ಇಳಿಸಿ ಸೇದಿ ತಂದು ಮುಂದಿಟ್ಟರು. "ಈಗ್ ಮಾಡು." ಮಾಡಿದೆ. ಕೆಂಪು. "ಇನ್ನೊಂದ್ ಸಲ." ಕೆಂಪು. ಮೂರು ಕೆಂಪು ಟ್ಯೂಬನ್ನು ಸಾಲಾಗಿ ಹಿಡಿದು ತುಂಬಾ ಹೊತ್ತು ನೋಡಿದರು. ಹೊಲಕ್ಕೆ ಹಾಕಿದ ಗೊಬ್ಬರವೇ ಇಳಿದಿರುವುದು, ಇದು ಕೂಸಿಗೆ ಹೀಗೆ ಮಾಡುತ್ತದೆ ಅಂತ ತಿಳಿಸಿ ಹೇಳಿದೆ. ವಾರಗಿತ್ತಿ ಅಳಲು ಶುರುಮಾಡಿದಳು. ಅತ್ತೆ ಬಾಟಲಿ ಎತ್ತಿ, ಕಲಸಿದ ಹಾಲನ್ನೆಲ್ಲ ಬಚ್ಚಲಿಗೆ ಸುರಿದು, ನಾನು ತಂದ ಕ್ಯಾನಿನ ನೀರಿನಿಂದ ಎರಡು ಸಲ ತೊಳೆದರು.

ಆಮೇಲೆ ನನ್ನ ಮುಂದೆ ಕೂತರು. "ನಿಂಗೆ ಇದು ಗೊತ್ತಾಗಿ ಎಸ್ಟ್ ದಿನ ಆಯ್ತವ್ವಾ?"

ಸುಳ್ಳು ಹೇಳಬಹುದಿತ್ತು. "ಒಂದು ತಿಂಗಳ ಮೇಲಾಯ್ತು ಅತ್ತೆ."

"ಕೂಸು ಬಂದು ಅನ್ನೊಂದ್ ದಿನ" ಅಂದರು.

ಅಷ್ಟೇ. ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಗಂಡನ ಮೇಲೆ ಹಾಕುತ್ತಿದ್ದೆ, ನಿಮ್ಮ ಮನಸ್ಸಿಗೆ ನೋವಾಗುತ್ತೆ ಅಂತ ಅನ್ನುತ್ತಿದ್ದೆ. ನನ್ನ ಎರಡು ಮೀನು ಉಳಿದ ಸಂತೋಷದಲ್ಲಿ ನಾನು ಆ ಹನ್ನೊಂದು ದಿನ ಹಾಡು ಗುನುಗಿಕೊಂಡು ಓಡಾಡಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. "ತಪ್ಪಾಯ್ತು ಅತ್ತೆ" ಅಂದೆ. ಅವರು ಸೆರಗು ಸಿಕ್ಕಿಸಿಕೊಂಡು ಎದ್ದು, "ಆ ಸೀಸೆಗಳ್ನ ತಕ್ಕೊ. ಬಾ ನನ್ ಜೊತೆ" ಅಂದರು.

ಆ ಬಾವಿಯಿಂದ ನೀರು ಹೊರುವುದು ನಮ್ಮ ಮನೆ ಒಂದೇ ಅಲ್ಲ. ಬೀದಿಯ ನಾಲ್ಕು ಮನೆಗೆ ಅಲ್ಲಿಂದಲೇ. ಕೊಡುವುದು ಅತ್ತೆಯ ದೊಡ್ಡಸ್ತಿಕೆ, ಯಾವ ಬರದಲ್ಲೂ ಇಲ್ಲ ಅಂದವರಲ್ಲ. ನಾನು ಕಿಟ್ಟು ಹಿಡಿದು ಹಿಂದೆ ಹಿಂದೆ ನಡೆದೆ. ಮೊದಲನೆಯ ಬಾಗಿಲಲ್ಲಿ ಒಬ್ಬ ಹೆಂಗಸು ಸೊಂಟದ ಮೇಲೆ ಮಗು ಇಟ್ಟುಕೊಂಡು ನಿಂತಿದ್ದಳು. ಅತ್ತೆ ಮೆಟ್ಟಿಲ ಕೆಳಗೇ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು.

"ನಮ್ ಬಾವಿ ನೀರ್ನ ಇನ್ ಮಕ್ಳಿಗೆ ಕೊಡ್ಬ್ಯಾಡಿ ಕಣ್ರವ್ವಾ. ಕೆಟ್ಟದೆ. ನಾನೇ ಯೋಳ್ತಾ ಇವ್ನಿ. ಇವತ್ ಬೆಳಿಗ್ಗೆ ಗೊತ್ತಾಯ್ತಂತೆ ನನ್ ಸೊಸೆಗೆ. ಗೊತ್ತಾದ್ ಗಳಿಗೇಲೇ, ಕೊಳ್ಳೇಗಾಲದಿಂದ ಓಡ್ ಬಂದವ್ಳೆ."

ಆ ಹೆಂಗಸು ನನ್ನ ಕಡೆ ನೋಡಿ ಕೈ ಮುಗಿದಳು. ನಾನು ತಲೆ ತಗ್ಗಿಸಿಕೊಂಡು ಟ್ಯೂಬು ತೊಳೆಯಲು ನೀರು ಕೇಳಿದೆ.